ಚೆಕ್ಕುಬಂದಿ ಸಮೇತ ಒಂದು ಮೋಟಾರ್‌ಸೈಕಲ್ಲು

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಬನಶಂಕರಿ ಬಸ್ ನಿಲ್ದಾಣದಿಂದ ಜೆ.ಪಿ. ನಗರದ ಮನೆಗೆ ವಾಪಸ್ ಬಂದು ನೋಡಿದವನು ನಾನು. ಆರಿಸಿತ್ತು. ಅಷ್ಟು ದೂರ ಬಂದಿದ್ದೇನಲ್ಲ ಎಂದು ನಲ್ಲಿಗಳನ್ನೂ ಒಮ್ಮೆ ನೋಡಿಕೊಂಡು ಹೋದೆ. ಉದ್ಯೋಗವೂ ಸ್ವಭಾವಕ್ಕೆ ತಕ್ಕಂತೆಯೇ ಸಿಕ್ಕಿದೆ: ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಅಪಘಾತವಾದ ವಾಹನಗಳ ಫೈಲು ಓದುವುದು. ಜನರ ಗಾಡಿಗಳು ಹೇಗೆ ಬಿದ್ದವು, ಏಕೆ ಬಿದ್ದವು, ಬೀಳುವ ಮುಂಚೆ ಹಾರ್ನ್ ಹಾಕಿದ್ದರೇ ಎಂಬುದನ್ನೆಲ್ಲ ಇಪ್ಪತ್ತಾರು ವರ್ಷಗಳಿಂದ ಓದಿ ಓದಿ, ನಿಂತ ಗಾಡಿ ಕಂಡರೂ ಅದು ಯಾವ ಕಡೆಗೆ ಬೀಳಬಹುದು ಎಂದು ಅಂದಾಜು ಮಾಡುವ ಅಭ್ಯಾಸ ಬಂದಿದೆ. ಇಂಥವನು ಅಪ್ಪನ ಹಳೆಯ ಮೋಟಾರ್‌ಸೈಕಲ್ಲನ್ನು ಪೂರ್ತಿ ಬಿಚ್ಚಿ ಮನೆಯಲ್ಲೇ ಮತ್ತೆ ಕಟ್ಟುತ್ತೇನೆ ಎಂದಾಗ ಹೆಂಡತಿ ಗಾಬರಿಯಾಗಲಿಲ್ಲ, ಸಮಾಧಾನಪಟ್ಟಳು. ಚಿಂತಿಸಲು ಇವರ ಕೈಗೆ ಒಂದು ಗಟ್ಟಿ ವಸ್ತು ಸಿಕ್ಕರೆ ಮಿಕ್ಕವರಿಗೆ ಸ್ವಲ್ಪ ಬಿಡುವಾಗುತ್ತದೆ ಎಂದುಕೊಂಡಳಂತೆ.

ಗಾಡಿ ಒಂದು ಕಾಲಕ್ಕೆ ಮೈಸೂರಿನಲ್ಲಿ ತಯಾರಾಗುತ್ತಿದ್ದದ್ದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಮೆರೂನ್ ಬಣ್ಣ. ಕಿಕ್ಕರ್ ತುಳಿದು ಸ್ಟಾರ್ಟ್ ಮಾಡಿದ ಮೇಲೆ ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಹಾಕುವ ಲಿವರ್ ಆಗುತ್ತದೆ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿದ್ದರು. ಗಾಡಿಯ ಮೇಲೆ ಕೂತಾಗ ಅವರ ಬೆನ್ನೂ ಸ್ಕೇಲ್ ಇಟ್ಟು ಎಳೆದಷ್ಟು ನೆಟ್ಟಗೆ. ಅವರಿಗೆ ಭಯ ಅನ್ನುವುದು ಗೊತ್ತೇ ಇಲ್ಲ, ನಾನು ಮಾತ್ರ ಯಾರ ಕಡೆಯಿಂದಲೋ ಈ ಪುಕ್ಕಲುತನ ತಂದುಕೊಂಡಿದ್ದೇನೆ ಎಂದು ಐವತ್ತು ದಾಟುವವರೆಗೂ ನಂಬಿದ್ದೆ. ಅಪ್ಪ ನಿವೃತ್ತರಾದ ಮೇಲೆ ಗಾಡಿ ಮೆಟ್ಟಿಲಿನ ಕೆಳಗೆ ಸೇರಿತು. ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ತೆಂಗಿನಕಾಯಿ. ಅಮ್ಮ ಹೋದರು, ಆಮೇಲೆ ಅಪ್ಪ ಹೋದರು. ಅಪ್ಪ ಹೋಗಿ ಐದು ವರ್ಷವಾದ ಮೇಲೆ ಒಂದು ಭಾನುವಾರ ನಾನು ತೆಂಗಿನಕಾಯಿ ಇಳಿಸಿದೆ.

ಎರಡು ವರ್ಷ ಹಿಡಿಯಿತು. ಕಾರು ಬೀದಿಗೆ ಹೋಯಿತು, ಪೋರ್ಟಿಕೋ ಗ್ಯಾರೇಜಾಯಿತು. ನನ್ನ ವಿಧಾನ ಹೀಗಿತ್ತು: ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಫೋಟೋ, ಬಿಚ್ಚಿದ್ದನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸಿ, ಆ ಚೀಟಿಯದ್ದೂ ಒಂದು ಫೋಟೋ. ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಪೋರ್ಟಿಕೋಗೆ ಬಂದವು. ಮೆಂತ್ಯದ ಡಬ್ಬಿಗೆ ಕ್ಲಚ್ ಸ್ಪ್ರಿಂಗು, ಹೆಸರುಬೇಳೆ ಡಬ್ಬಿಗೆ ಕಾರ್ಬ್ಯುರೇಟರಿನ ಸಣ್ಣಪುಟ್ಟ ಸಾಮಾನು. ಒಂದು ಬೆಳಗ್ಗೆ ಹೆಂಡತಿ ಒಗ್ಗರಣೆಗೆಂದು ಕೈಹಾಕಿದ ಡಬ್ಬಿಯಿಂದ ವಾಷರ್ ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದು ಪೋರ್ಟಿಕೋಗೆ ಬಂದು, "ರೀ, ಇದನ್ನ ಸಾಸಿವೆ ಸಿಡಿಯೋಕೆ ಮುಂಚೆ ಹಾಕ್ಬೇಕಾ, ಆಮೇಲಾ?" ಎಂದು ಕೇಳಿದಳು.

ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದಿತ್ತು. ಅಂತರ್ಜಾಲದ ಪಂಡಿತರು ನಾಲ್ಕು ಥರದ ಆಸಿಡ್ ಹೇಳಿದರು. ಆಸಿಡ್ ಎಂದ ಕೂಡಲೇ ನನಗೆ ಆಫೀಸಿನ ಫೈಲುಗಳೆಲ್ಲ ನೆನಪಾದವು. ಕೊನೆಗೆ ಹಳೇ ಹುಣಸೆಹಣ್ಣು, ಬಿಸಿನೀರು, ಹಿಡಿಯಷ್ಟು ನಟ್ಟುಗಳನ್ನು ಒಳಗೆ ತುಂಬಿ, ಬೆಳಗ್ಗೆ ಸಂಜೆ ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಮಗು ಮಲಗಿಸುವ ಹಾಗೆ ಕುಲುಕಿದೆ. ಎಂಟು ದಿನಕ್ಕೆ ಒಳಗೆ ಬೆಳ್ಳಗೆ ಲೋಹ ಕಂಡಿತು. ಬೀದಿಗೆಲ್ಲ ಪುಳಿಯೋಗರೆ ಗೊಜ್ಜಿನ ವಾಸನೆ; ಎದುರುಮನೆಯವರು ಏನು ವಿಶೇಷ ಎಂದು ವಿಚಾರಿಸಿಕೊಂಡು ಹೋದರು.

ಎಂಜಿನ್ನಿನ ಬೇರಿಂಗ್ ಕೂರಿಸಲು ಸುತ್ತಿಗೆ ಬೇಡ, ಬಿಸಿ ಮತ್ತು ತಣ್ಣಗಿನ ವ್ಯತ್ಯಾಸ ಸಾಕು ಎಂದು ಯಡಿಯೂರಿನ ಮೆಕ್ಯಾನಿಕ್ ಹೇಳಿಕೊಟ್ಟ. ಎಂಜಿನ್ನಿನ ಪೈಕಿ ಮನೆಯಲ್ಲಿ ಮಾಡಲಾಗದ ಒಂದೇ ಕೆಲಸ, ಕ್ರ್ಯಾಂಕಿನದ್ದು, ಅವನ ಹತ್ತಿರ ಮಾಡಿಸಿದ್ದೆ. ನನ್ನ ವಯಸ್ಸಿನವನೇ, ಅವನ ಅಪ್ಪನೂ ಅದೇ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವನ ಮಾತಿನಂತೆ ಬೇರಿಂಗನ್ನು ಒಂದು ದಿನ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಮಲಗಿಸಿದೆ. ಎಂಜಿನ್ ಕೇಸನ್ನು ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಇಳಿಸಿದೆ. ಹೊರತೆಗೆದು, ಒರೆಸಿ, ಬೇರಿಂಗನ್ನು ಕೇಸಿನ ಕುಳಿಯ ಬಾಯಿಗಿಟ್ಟರೆ ಟಕ್ ಎಂದು ತಾನಾಗಿ ಕೂತುಕೊಂಡಿತು. ಆ ಟಕ್ ಶಬ್ದಕ್ಕೆ ನನ್ನೊಳಗೂ ಏನೋ ಅದರ ಜಾಗದಲ್ಲಿ ಕೂತಂತಾಯಿತು. ಅಲ್ಲಿಂದ ಮುಂದೆ, ಹೇಳಿಕೊಳ್ಳಲು ಸಂಕೋಚವಿಲ್ಲ, ನನ್ನ ಕೈ ತಪ್ಪಲಿಲ್ಲ. ಚಕ್ರದ ಕಡ್ಡಿಗಳನ್ನು ನಾನೇ ಹೆಣೆದೆ. ವೈರಿಂಗ್ ನಾನೇ ಎಳೆದೆ. ಫೈಲಿನಲ್ಲಿ ಓದುವ ಬ್ರೇಕಿಗೂ ಕೈಯಲ್ಲಿ ಹಿಡಿದು ಜೋಡಿಸಿದ ಬ್ರೇಕಿಗೂ ಇರುವ ವ್ಯತ್ಯಾಸ ತಿಳಿಯಿತು: ಎರಡನೆಯದನ್ನು ನಂಬಬಹುದು.

ಒಂದೇ ಒಂದು ವಿಷಯಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಚಾಸಿಯ ಹಿಂಭಾಗದಲ್ಲಿ, ಸೀಟಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಗಿಡ್ಡ ಕೊಕ್ಕೆಗಳಿದ್ದವು. ಚಾಸಿ ಎಂದರೆ ಎಂಜಿನ್ನು, ಟ್ಯಾಂಕು, ಸೀಟು ಎಲ್ಲವನ್ನೂ ಹೊರುವ ಕಬ್ಬಿಣದ ಅಸ್ಥಿಪಂಜರ. ಕಂಪನಿಯ ಕೈಪಿಡಿಯಲ್ಲಿ ಈ ಕೊಕ್ಕೆಗಳಿಗೆ ಹೆಸರೂ ಇಲ್ಲ, ನಂಬರೂ ಇಲ್ಲ. ಹಳೇ ಗಾಡಿಗಳ ಗುಂಪಿನವರನ್ನು ಕೇಳಿದೆ. ಒರಿಜಿನಲ್ ಅಲ್ಲ, ತೆಗೆಸಿ ಎಂದರು. ಒರಿಜಿನಲ್ ಎಂಬ ಪದಕ್ಕೆ ಆ ಗುಂಪಿನಲ್ಲಿ ಮಡಿಯಷ್ಟೇ ಮರ್ಯಾದೆ. ಗ್ರೈಂಡರ್ ತಂದು ಎರಡನ್ನೂ ನುಣ್ಣಗೆ ಉಜ್ಜಿ, ಮೇಲೆ ಮೂರು ಕೋಟು ಬಣ್ಣ ಹೊಡೆಸಿದೆ. ಕೈಯಾಡಿಸಿದರೆ ಅಲ್ಲಿ ಏನೋ ಇತ್ತೆಂದು ಗೊತ್ತೇ ಆಗುತ್ತಿರಲಿಲ್ಲ.

ಎರಡನೇ ವರ್ಷದ ಕೊನೆಗೆ, ಏಳನೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಪೋರ್ಟಿಕೋ ತುಂಬ ನೀಲಿ ಹೊಗೆ, ಹೊಗೆಯೊಳಗೆ ಹೆಂಡತಿಯ ಕೆಮ್ಮು, ಕೆಮ್ಮಿನ ನಡುವೆ ಅವಳ ನಗು. ಇನ್ನು ಉಳಿದಿದ್ದು ಕಾಗದಪತ್ರದ ಕೆಲಸ. ನೋಂದಣಿ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಅದನ್ನು ನನ್ನ ಹೆಸರಿಗೆ ಮಾಡಿಸಿ, ಹಳೇ ಗಾಡಿಯೆಂದು ಮತ್ತೆ ತಪಾಸಣೆ ಮಾಡಿಸಬೇಕು. ಅರ್ಜಿಯ ಜೊತೆ ಚಾಸಿ ನಂಬರಿನ ಅಚ್ಚು ಕೊಡಬೇಕು. ಹ್ಯಾಂಡಲ್ ಕೆಳಗೆ ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಉಜ್ಜಿದೆ. ಅಪ್ಪನ ಆರ್‌ಸಿ ಪುಸ್ತಕದ ಪಕ್ಕ ಇಟ್ಟು ನೋಡಿದೆ. ಎಂಜಿನ್ ನಂಬರ್ ಸರಿ ಇತ್ತು. ಚಾಸಿ ನಂಬರಿನ ಕೊನೆಯ ಮೂರು ಅಂಕಿ ಬೇರೆ.

ಇನ್ನೊಂದು ಕಾಗದ ತಂದು ಮತ್ತೆ ಉಜ್ಜಿದೆ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಉಜ್ಜಿದೆ. ಅಂಕಿಗಳು ಇನ್ನಷ್ಟು ಸ್ಪಷ್ಟವಾಗಿ ಬೇರೆಯೇ ಆಗಿ ಬಂದವು. ಎರಡು ವರ್ಷ ಪ್ರತಿ ನಟ್ಟಿಗೂ ಚಿಂತಿಸಿದವನು ಇದೊಂದನ್ನು ಚಿಂತಿಸುವುದನ್ನು ಮರೆತಿದ್ದೆ. "ಚಾಸಿ ನಂಬರ್ ತಾಳೆಯಾಗದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂಬ ವಾಕ್ಯವನ್ನು ಆಫೀಸಿನಲ್ಲಿ ಅದೆಷ್ಟು ಫೈಲುಗಳ ಮೇಲೆ ಬರೆದಿದ್ದೇನೋ. ಬರೆದು ಪೆನ್ನು ಮುಚ್ಚಿ ಕಾಫಿಗೆ ಹೋಗಿದ್ದೇನೆ. ಆ ವಾಕ್ಯವನ್ನು ಓದುವವನ ಜಾಗದಲ್ಲಿ ನಿಂತದ್ದು ಅವತ್ತೇ ಮೊದಲು.

ಮೊದಲು ಬಂದ ಯೋಚನೆ, ಅಪ್ಪ ಕದ್ದ ಗಾಡಿ ಕೊಂಡಿದ್ದರು ಎಂಬುದು. ಎರಡನೆಯದು, ಪೊಲೀಸರು ಬಂದರೆ ಮೆಂತ್ಯದ ಡಬ್ಬಿಯನ್ನೂ ವಶಪಡಿಸಿಕೊಳ್ಳುತ್ತಾರೆಯೇ ಎಂಬುದು. ಹೆಂಡತಿ ಮಾತ್ರ ತಣ್ಣಗೆ, ಮಾವ ಒಂದು ಪೆನ್ಸಿಲ್ ಕೂಡ ಆಫೀಸಿಂದ ಮನೆಗೆ ತಂದವರಲ್ಲ, ಆ ಕಾಲದ ಮೆಕ್ಯಾನಿಕ್ಕುಗಳನ್ನು ಕೇಳಿ ಎಂದಳು. ಯಡಿಯೂರಿಗೆ ಹೋದೆ. ಮೆಕ್ಯಾನಿಕ್ ಕಾಗದ ನೋಡಿ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. ಅವನ ಅಪ್ಪನ ಕಾಲದಲ್ಲಿ ಒಂದೇ ಬಣ್ಣದ ಎರಡು ಗಾಡಿಗಳು ಯಾವಾಗಲೂ ಜೊತೆಯಾಗಿ ಅಂಗಡಿಗೆ ಬರುತ್ತಿದ್ದವಂತೆ. ಒಂದು ನಮ್ಮಪ್ಪನದು. ಇನ್ನೊಂದು ಸಾರಕ್ಕಿಯ ಹಾಲಿನ ಯಜಮಾನರದು.

ಹಾಲಿನ ಯಜಮಾನರು ಎಂದರೆ ನಮಗೆ ಚಿಕ್ಕಂದಿನಲ್ಲಿ ಹಾಲು ತಂದುಕೊಡುತ್ತಿದ್ದವರು. ಸಾರಕ್ಕಿ ಇನ್ನೂ ಊರಾಗಿದ್ದಾಗ ಅವರಿಗೆ ಹದಿನಾಲ್ಕು ಎಮ್ಮೆ, ಕೆರೆ ಪಕ್ಕ ಹೊಲ. ಅಪ್ಪನಿಗೂ ಅವರಿಗೂ ಒಂದೇ ತಿಂಗಳಲ್ಲಿ ಒಂದೇ ಥರದ ಗಾಡಿ ಕೊಂಡ ನೆಪಕ್ಕೆ ಸ್ನೇಹವಾಗಿತ್ತು. ಈಗ ಅವರಿಗೆ ಎಂಬತ್ತರ ಹತ್ತಿರ. ಹೊಲವಿದ್ದ ಕಡೆ ಬಡಾವಣೆ ಆಗಿದೆ. ಮನೆಯಿದ್ದ ಕಡೆ ನಾಲ್ಕು ಅಂತಸ್ತಿನ ಪಿಜಿ ಹಾಸ್ಟೆಲು ಎದ್ದಿದೆ. ನೆಲ ಅಂತಸ್ತಿನಲ್ಲಿ ಅವರು ಇದ್ದಾರೆ, ಮೇಲೆ ಇನ್ನೂರು ಹುಡುಗಿಯರ ಬಟ್ಟೆ ಒಣಗುತ್ತಿರುತ್ತದೆ. ಅವರ ಮಗ, ನಲವತ್ತೈದರವನು, ಅದನ್ನೆಲ್ಲ ನೋಡಿಕೊಳ್ಳುತ್ತಾನೆ.

ನಾನು ಅಂಕಿಗಳನ್ನು ಓದಿ ಹೇಳಿದೆ. ಯಜಮಾನರು ಒಳಗೆ ಹೋಗಿ ಒಂದು ಟ್ರಂಕು ತೆರೆದರು. ಪಹಣಿ, ಕಂದಾಯದ ರಸೀತಿ, ಭೂಸ್ವಾಧೀನದ ನೋಟೀಸು, ಕೋರ್ಟಿನ ಆರ್ಡರು, ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಕಾಗದ ಇಲ್ಲದ್ದಕ್ಕೆ ಒಂದು ಎಕರೆ ಕಳೆದುಕೊಂಡ ಮೇಲೆ ಆ ಮನೆಯವರು ಕರೆಂಟ್ ಬಿಲ್ಲನ್ನೂ ಎಸೆಯುವುದಿಲ್ಲವಂತೆ. ಅದರ ತಳದಿಂದ ಒಂದು ಆರ್‌ಸಿ ಪುಸ್ತಕ ಬಂತು. ನನ್ನ ಪೆನ್ಸಿಲ್ ಅಚ್ಚಿಗೂ ಅದಕ್ಕೂ ಅಂಕಿ ಅಂಕಿ ತಾಳೆಯಾಯಿತು.

ನಡೆದದ್ದು ಇಷ್ಟು. ಗಾಡಿ ಕೊಳ್ಳುವಾಗಲೇ ಅಮ್ಮ ಕರಾರು ಹಾಕಿದ್ದರು: ಒಂದು ಸಲ ಬಿದ್ದರೆ ಗಾಡಿ ಮನೆಯಲ್ಲಿರುವುದಿಲ್ಲ. ಅಪ್ಪ ಸಾರಕ್ಕಿ ಕೆರೆ ಏರಿಯ ಮೇಲೆ ಎಮ್ಮೆ ತಪ್ಪಿಸಲು ಹೋಗಿ ಬಿದ್ದರು. ಎಮ್ಮೆಯೂ ಯಜಮಾನರದ್ದೇ. ಮೈಗೆ ತರಚು ಗಾಯ ಅಷ್ಟೇ, ಆದರೆ ಚಾಸಿ ಕಣ್ಣಿಗೆ ಕಾಣುವಷ್ಟು ಸೊಟ್ಟಗಾಗಿತ್ತು.

"ನಿಮ್ಮಪ್ಪ ಗ್ಯಾರೇಜಲ್ಲಿ ಸ್ಟೂಲ್ ಮೇಲೆ ಕೂತ್ಕಂಡು ಬೆವರ್ತಾ ಇದ್ದ ಕಣಪ್ಪ," ಎಂದರು ಯಜಮಾನರು. "ಏಟಿಗಲ್ಲ. ಮನೇಲಿ ಏನ್ ಹೇಳ್ಲಿ ಅಂತ. ಬೆಂಡು ತೆಗುದ್ರೂ ಗೊತ್ತಾಗುತ್ತಾ, ಗೊತ್ತಾಗುತ್ತಾ ಅಂತ ಮೆಕ್ಯಾನಿಕ್ ಪ್ರಾಣ ತಿಂದ. ನೋಡಕ್ಕಾಗ್ಲಿಲ್ಲ. ನಂದು ಬಿಚ್ಚಿ ಇವನಿಗೆ ಹಾಕಪ್ಪ, ಇವನ್ದು ನನಗೆ ಹಾಕು ಅಂದೆ."

ಎಂಜಿನ್ನು, ಟ್ಯಾಂಕು, ನಂಬರ್ ಪ್ಲೇಟು ಅವರವರದ್ದೇ ಉಳಿದವು. ಅಸ್ಥಿಪಂಜರ ಮಾತ್ರ ಅದಲು ಬದಲು. ಬೆಂಡು ತೆಗೆದ ಚಾಸಿ ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತಂತೆ. ಬಲಕ್ಕೆ ಒಂದು ಹಾಲಿನ ಕ್ಯಾನು ಜಾಸ್ತಿ ನೇತು ಹಾಕಿದೆ, ಸರಿಹೋಯಿತು ಎಂದರು. ಹಾಗೆಯೇ ಹನ್ನೊಂದು ವರ್ಷ ಓಡಿಸಿದ ಮೇಲೆ ಎಮ್ಮೆಗಳ ಜೊತೆ ಅದೂ ಹೋಯಿತು, ಗುಜರಿಗೆ. ಕಾಗದ ಮಾತ್ರ ಉಳಿಯಿತು.

ನನಗೆ ಅಪ್ಪನೆಂದರೆ ನೆಟ್ಟಗಿನ ಬೆನ್ನು. ಸ್ಟೂಲಿನ ಮೇಲೆ ಬೆವರುತ್ತ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳಿದ ಮನುಷ್ಯನನ್ನು ನಾನು ಕನ್ನಡಿಯಲ್ಲಿ ಬಿಟ್ಟು ಬೇರೆ ಕಡೆ ನೋಡಿರಲಿಲ್ಲ. ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮಗ, ಸರಿಯಾದ ಪ್ರಶ್ನೆಯನ್ನೇ ಕೇಳಿದ. "ಹಂಗಾದ್ರೆ ಗಾಡಿ ನಮ್ದೇ ಆಯ್ತಲ್ಲ ಅಣ್ಣ?"

ತಮಾಷೆ ಎಂದು ನಗಲು ಹೋದೆ. ಅವನು ನಗುತ್ತಿರಲಿಲ್ಲ. ಪಿಜಿಯ ಮುಂದಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಲೈಟು ಹಾಕಿ ನಿಲ್ಲಿಸುತ್ತೇನೆ ಎಂದ. "ನಮ್ದು ಅಂತ ತೋರ್ಸೋಕೆ ಏನ್ ಉಳಿದಿದೆ ಹೇಳಿ ಅಣ್ಣ? ಹೊಲ ಹೋಯ್ತು, ಎಮ್ಮೆ ಹೋಯ್ತು. ನಮ್ಮಪ್ಪ ಇಲ್ಲಿ ಹಾಲು ಹಾಕ್ತಿದ್ರು ಅಂದ್ರೆ ನನ್ ಮಗಳೇ ನಂಬಲ್ಲ." ಅವನ ಮಾತಿನಲ್ಲಿ ಆಸೆಬುರುಕತನ ಇದ್ದಿದ್ದರೆ ಜಗಳವಾಡಬಹುದಿತ್ತು. ಇರಲಿಲ್ಲ. ಯಜಮಾನರು, ಭಾನುವಾರ ಬಂದು ಗಾಡಿ ನೋಡುತ್ತೇನೆ ಎಂದರು ಅಷ್ಟೇ.

ಮಾರನೇ ದಿನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿನ ಅಧಿಕಾರಿ ನನ್ನ ಕಥೆಯನ್ನು ತಾಳ್ಮೆಯಿಂದ ಕೇಳಿದರು. ಕಾನೂನಿನ ಕಣ್ಣಿಗೆ ಚಾಸಿ ಯಾರದೋ ಗಾಡಿ ಅವರದು. ಯಜಮಾನರು ಬರೆದುಕೊಟ್ಟರೆ ನನ್ನ ಹೆಸರಿಗೆ ಮಾಡಬಹುದು, ಎಂಜಿನ್ ಬದಲಾಗಿದೆ ಎಂದು ನಮೂದಿಸಬಹುದು. ಕೊಡದಿದ್ದರೆ ನನ್ನ ಹತ್ತಿರ ಉಳಿಯುವುದು ಅಪ್ಪನ ಎಂಜಿನ್ನು ಮಾತ್ರ. ಇದನ್ನೆಲ್ಲ ನಾನೇ ಎಷ್ಟೋ ಜನಕ್ಕೆ ಫೋನಿನಲ್ಲಿ ವಿವರಿಸಿದ್ದೇನೆ, ಇಷ್ಟು ತಾಳ್ಮೆಯಿಂದಲ್ಲ.

ಭಾನುವಾರ ಅಪ್ಪ ಮಗ ಇಬ್ಬರೂ ಬಂದರು. ಯಜಮಾನರು ಕಾಫಿ ಆಮೇಲೆ ಎಂದು ಹೇಳಿ ನೇರ ಪೋರ್ಟಿಕೋದಲ್ಲಿ ಕುಕ್ಕರಗಾಲಲ್ಲಿ ಕೂತರು. ಟ್ಯಾಂಕು ಮುಟ್ಟಲಿಲ್ಲ, ಹೊಳೆಯುವ ಸೈಲೆನ್ಸರಿನ ಕಡೆ ನೋಡಲಿಲ್ಲ. ಸೀಟಿನ ಕೆಳಗೆ ಕೈಹಾಕಿ ಹೆಬ್ಬೆರಳಿನಿಂದ ಏನೋ ಹುಡುಕಿದರು. ಒಂದು ಕಡೆ ಸಿಗಲಿಲ್ಲವೆಂದು ಆ ಕಡೆ ಹೋಗಿ ಹುಡುಕಿದರು.

"ಕೊಕ್ಕೆ ಎಲ್ಲಿ?"

ನನಗೆ ತಿಳಿದುಹೋಯಿತು. ಅವು ಹಾಲಿನ ಕ್ಯಾನು ನೇತುಹಾಕುತ್ತಿದ್ದ ಕೊಕ್ಕೆಗಳು. ಚಾಸಿಯ ಜೊತೆ ನಮ್ಮ ಮನೆಗೆ ಬಂದವು. ಆಮೇಲೆ ಅಮ್ಮನಿಗೆ ತೋರಿಸಲು ಅವಕ್ಕೊಂದು ನೆಪ ಬೇಕಲ್ಲ, ಅದಕ್ಕೇ ಅಪ್ಪ ಪ್ರತಿ ಶನಿವಾರ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಎರಡೂ ಕಡೆ ತರಕಾರಿ ಚೀಲ ನೇತುಹಾಕಿಕೊಂಡು ಬರುತ್ತಿದ್ದರು. ಆ ಚೀಲಗಳ ನಡುವೆ ಕಾಲು ಎಲ್ಲಿಡುವುದೆಂದು ತಿಳಿಯದೆ ಹಿಂದಿನ ಸೀಟಿನಲ್ಲಿ ಕೂತು ಬಂದವನು ನಾನೇ. ಬದನೆಕಾಯಿಯ ಮುಳ್ಳು ಮೀನಖಂಡಕ್ಕೆ ಚುಚ್ಚಿದ್ದು ನೆನಪಿತ್ತು. ಚೀಲ ಯಾವುದಕ್ಕೆ ತೂಗುತ್ತಿತ್ತು ಎಂಬುದು ನೆನಪಾಗಲಿಲ್ಲ. ಎರಡು ವರ್ಷ ಕೈಪಿಡಿ ನೋಡಿದೆ, ಆ ಗುಂಪನ್ನು ಕೇಳಿದೆ. ನನ್ನ ಕಾಲನ್ನು ಕೇಳಲಿಲ್ಲ.

ಒರಿಜಿನಲ್ ಅಲ್ಲ ಎಂದುಕೊಂಡು ಉಜ್ಜಿ ತೆಗೆದೆ ಎಂದು ಒಪ್ಪಿಕೊಂಡೆ. ಯಜಮಾನರು ಕೈಗೆ ಹತ್ತಿದ ಗ್ರೀಸನ್ನು ಪಂಚೆಗೆ ಒರೆಸಿಕೊಂಡರು. ಮಗ ಗೇಟಿನ ಕಡೆ ತಿರುಗಿ ನಿಂತ. ಎಲ್ಲ ಮುಗಿಯಿತು, ಗಾಜಿನ ಪೆಟ್ಟಿಗೆಯೇ ಗಟ್ಟಿ ಎನಿಸಿತು. ಆಗ ನನ್ನ ಬಾಯಿಂದ, ಸಾಮಾನ್ಯವಾಗಿ ನಾನು ನಾಲ್ಕು ದಿನ ಯೋಚಿಸಿ ಆಡುವಂಥ ಮಾತು, ಯೋಚಿಸದೆ ಬಂತು. ಗಾಡಿ ಯಾರ ಮನೆಯಲ್ಲಾದರೂ ನಿಲ್ಲಲಿ, ಕೊಕ್ಕೆ ನಾನು ಮತ್ತೆ ಹಾಕಿಸಿಕೊಡುತ್ತೇನೆ ಎಂದೆ. ಅವರು ಅಳತೆ ಹೇಳಿದರು, ನಾನು ಬರೆದುಕೊಂಡೆ. ಮುಂದಿನ ವಾರ ಯಡಿಯೂರಿನಲ್ಲಿ ವೆಲ್ಡ್ ಮಾಡಿಸುವಾಗ ಮೂರು ಕೋಟು ಬಣ್ಣ ಅಂಗೈಯಗಲ ಸುಟ್ಟು ಗುಳ್ಳೆಯೆದ್ದಿತು. ಎರಡು ವರ್ಷದ ಕೆಲಸದಲ್ಲಿ ನಾನು ಬೇಕೆಂದೇ ಹಾಳು ಮಾಡಿದ ಜಾಗ ಅದೊಂದೇ, ಮತ್ತು ಅದು ನನಗೆ ಚೆನ್ನಾಗಿಯೇ ಕಂಡಿತು.

ಕೊಕ್ಕೆ ಮುಟ್ಟಿ ನೋಡಿದ ದಿನ ಯಜಮಾನರು, "ಗಾಡಿ ಇವನ್ದೇ. ಇಲ್ಲೇ ಇರ್ಲಿ," ಎಂದು ಮಗನಿಗೆ ಹೇಳಿದರು. ನಾನು ತಡಮಾಡದೆ ಸಾರಿಗೆ ಕಚೇರಿಯ ಫಾರಂ ಮುಂದಿಟ್ಟೆ. ಅವರು ಅದನ್ನು ಮಗನಿಂದ ಓದಿಸಿಕೊಂಡರು. ಮಾರಾಟ ಮಾಡಿದವರು ಎಂಬಲ್ಲಿಗೆ ಬಂದಾಗ ಪೆನ್ನಿನ ಕ್ಯಾಪ್ ವಾಪಸ್ ಹಾಕಿದರು. ನಾನು ಮಾರಿಲ್ಲ ಎಂದರು. ಅದು ಬರೀ ಫಾರಂ, ಎಲ್ಲರಿಗೂ ಹಾಗೇ ಅಚ್ಚಾಗಿರುತ್ತದೆ ಎಂದು ನಾನು ವಿವರಿಸಿದೆ. ಫಾರಂ ಎಂದರೇನು ಎಂದು ಅವರಿಗೆ ನಾನು ವಿವರಿಸುವುದು! ನೆಲ ಹೋದ ಪ್ರತಿ ಸಲವೂ ಅವರ ಮುಂದೆ ಒಂದು ಅಚ್ಚಾದ ಫಾರಂ ಇತ್ತು.

"ಇಷ್ಟ್ ವರ್ಷ ಎಲ್ಲಾ ಮಾರಿದ್ದೀನಿ ಅಂತ್ಲೇ ಬರ್ಕೊಟ್ಟಿದ್ದೀನಿ ಕಣಪ್ಪ. ಮಾರ್ದೆ ಇದ್ದಿದ್ದಕ್ಕೂ ಬರ್ಕೊಟ್ಟಿದ್ದೀನಿ. ಇದೊಂದು ನಾನಾಗಿ ಕೊಟ್ಟಿದ್ದು. ಇದನ್ನೂ ಮಾರ್ದೆ ಅನ್ನಲಾ?"

ಗಾಡಿ ನನ್ನದೆಂದು ಒಪ್ಪಿದ್ದರು, ಸಹಿ ಮಾತ್ರ ಮಾಡುವುದಿಲ್ಲ. ಸಹಿ ಇಲ್ಲದೆ ಅದು ನನ್ನದಲ್ಲ. ನಾನು ಮತ್ತೆ ಸಾರಿಗೆ ಕಚೇರಿಗೆ ಓಡಿದೆ. ದಾನವೋ ಮಾರಾಟವೋ ನಮಗೆ ಬೇಡ, ಅವರು ನಿಮಗೆ ಕೊಟ್ಟರು ಎನ್ನುವ ಸಹಿಯಾದ ಕಾಗದ ತನ್ನಿ ಎಂದರು. ಹೋಗಿ ಹೇಳಿದಾಗ ಯಜಮಾನರ ಮುಖ ಅರಳಿತು. ಹಾಗಾದರೆ ದಾನಪತ್ರ, ಕ್ರಮವಾಗಿ ಆಗಲಿ ಎಂದರು. ಕ್ರಮ ಎಂದರೆ ಅವರಿಗೆ ಒಂದೇ: ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ, ಅವರ ಜಮೀನಿನ ಪತ್ರಗಳನ್ನೆಲ್ಲ ಬರೆದ ಪತ್ರ ಬರಹಗಾರ. ದಾನಪತ್ರಕ್ಕೆ ಮಕ್ಕಳ ಒಪ್ಪಿಗೆ ಸಹಿ ಬೇಕು ಎಂಬುದೂ ಅದೇ ಕ್ರಮದಲ್ಲಿ ಸೇರಿತ್ತು. ಅಂದರೆ, ಗಾಜಿನ ಪೆಟ್ಟಿಗೆಯ ಕನಸು ಕಂಡವನು ಸಹಿ ಹಾಕಬೇಕು.

ಒಂದು ಬುಧವಾರ ಬೆಳಗ್ಗೆ ರಜೆ ಹಾಕಿ ಹೋದೆ. ಬರಹಗಾರರು ಅರವತ್ತರ ಆಸುಪಾಸಿನವರು. ಮುಂದೆ ಕಂಪ್ಯೂಟರ್, ಕಂಪ್ಯೂಟರಿನ ಮೇಲೆ ಕುಂಕುಮ. ಸೈಟಿನ ದಾನಪತ್ರದ ಮಾದರಿಯನ್ನೇ ತೆರೆದು, ಸೈಟು ಎಂದಿರುವ ಕಡೆಯೆಲ್ಲ ವಾಹನದ ಚಾಸಿ ಎಂದು ಬದಲಾಯಿಸುತ್ತ ಬಂದರು. ಪ್ರೀತಿ ವಿಶ್ವಾಸಗಳಿಂದ, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ. ಕೊನೆಗೆ ಷೆಡ್ಯೂಲು ಬಂತು. ಸ್ವತ್ತಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಚೆಕ್ಕುಬಂದಿ ಬಂತು. ಅದನ್ನು ಅಳಿಸಿ ಮುಂದೆ ಹೋಗುತ್ತಾರೆ ಎಂದುಕೊಂಡೆ. ಅವರು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ನನ್ನತ್ತ ನೋಡಿದರು.

"ಗಾಡಿ ಯಾವ ಕಡೆ ಮುಖ ಮಾಡ್ಕೊಂಡು ನಿಂತಿದೆ ಸಾರ್?"

ಪೂರ್ವಕ್ಕೆ ಎಂದೆ. ಅವರು ಟೈಪ್ ಮಾಡಿ ಗಟ್ಟಿಯಾಗಿ ಓದಿದರು: ಪೂರ್ವಕ್ಕೆ ಹೆಡ್‌ಲೈಟು, ಪಶ್ಚಿಮಕ್ಕೆ ಹಿಂದಿನ ದೀಪ, ಉತ್ತರಕ್ಕೆ ಕಿಕ್ಕರ್, ದಕ್ಷಿಣಕ್ಕೆ ಬ್ರೇಕ್ ಪೆಡಲು, ಈ ಮಧ್ಯೆ ಇರುವ ಚಾಸಿ. ನನಗೆ ತಡೆಯಲಾಗಲಿಲ್ಲ. ನಾಳೆ ನಾನು ಗಾಡಿ ತಿರುಗಿಸಿ ನಿಲ್ಲಿಸಿದರೆ ಪತ್ರ ಊರ್ಜಿತವಾಗಿರುತ್ತದೆಯೇ ಎಂದು ಕೇಳಿಬಿಟ್ಟೆ. ಪ್ರಾಮಾಣಿಕವಾದ ಪ್ರಶ್ನೆ ಅದು. ಇಂಥ ಕಾರಣಕ್ಕೆ ಬಿದ್ದುಹೋದ ಫೈಲುಗಳನ್ನು ನಾನು ಕಂಡಿದ್ದೇನೆ. ಬರಹಗಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಮಗ ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ ನಗಲು ಶುರು ಮಾಡಿದ. ಯಜಮಾನರು, "ಲೋ, ಇವರಪ್ಪನೂ ಇಂಗೇ ಕೇಳ್ತಿದ್ದ," ಎಂದರು. ಮಗ ಕಣ್ಣೊರೆಸಿಕೊಂಡು ಎದ್ದು ಬಂದು ಪ್ರಿಂಟ್ ಆದ ಹಾಳೆಯನ್ನು ಕೈಗೆ ತೆಗೆದುಕೊಂಡ. ಚೆಕ್ಕುಬಂದಿಯನ್ನು ಒಮ್ಮೆ ತುಟಿಯಲ್ಲೇ ಓದಿದ. ಗಾಡಿಯ ಒಂದು ದೊಡ್ಡ ಫೋಟೋ ಕೊಡಿ, ಹಜಾರದಲ್ಲಿ ಫ್ರೇಮ್ ಹಾಕಿಸುತ್ತೇನೆ ಎಂದ. ಹನ್ನೊಂದು ಸಾವಿರ ಫೋಟೋ ಇವೆ, ಬೇಕಾದ್ದು ಆರಿಸಿಕೋ ಎಂದೆ. ಒಪ್ಪಿಗೆ ಸಾಕ್ಷಿ ಎಂದಿದ್ದ ಕಡೆ ಸಹಿ ಹಾಕಿದ.

ಒಂದೇ ಒಂದು ಸಾಲು ಖಾಲಿ ಉಳಿದಿತ್ತು. ಸ್ವಾಧೀನ ಯಾವತ್ತಿನಿಂದ ಕೊಟ್ಟಿದ್ದು ಎಂದು ಬರಹಗಾರರು ಕೇಳಿದರು, ಇವತ್ತಿನ ತಾರೀಖು ಹಾಕಲಾ ಎಂದರು. ಯಜಮಾನರು ಬೇಡ ಎಂದು ತಲೆಯಾಡಿಸಿದರು. ಇವರಪ್ಪ ಬಿದ್ದ ದಿನ ಎಂದರು. ತಾರೀಖು ಗೊತ್ತಿಲ್ಲ, ಕೆರೆ ತುಂಬಿತ್ತು. ಬರಹಗಾರರು ಇದನ್ನು ಹೇಗೆ ಬರೆಯುವುದೆಂದು ಒಂದು ಗಳಿಗೆ ಯೋಚಿಸಿದರು. ಅವರ ಮಾದರಿಯಲ್ಲೇ ಅದಕ್ಕೊಂದು ವಾಕ್ಯವಿತ್ತು. ಸದರಿ ಸ್ವತ್ತು ಈಗಾಗಲೇ ದಾನ ಪಡೆದವರ ಕುಟುಂಬದ ಸ್ವಾಧೀನಾನುಭವದಲ್ಲಿರುತ್ತದೆ.

ಯಜಮಾನರು ಅದನ್ನು ಎರಡನೇ ಸಲ ಓದಿಸಿ ಕೇಳಿ, ನಿಧಾನವಾಗಿ ತಮ್ಮ ಹೆಸರಿನ ಪ್ರತಿ ಅಕ್ಷರವನ್ನೂ ಬಿಡಿಸಿ ಬರೆದರು. ಆಮೇಲೆ ಪೆನ್ನನ್ನು ನನ್ನ ಕಡೆ ತಿರುಗಿಸಿ ಕೊಟ್ಟರು.